ಮರಸಂರಕ್ಷಕ ರಾಸಾಯನಿಕಗಳ ನಡುವೆ ವರ್ಷಗಟ್ಟಲೆ ದುಡಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮರವನ್ನು ಗೆದ್ದಲು, ಹುಳು ಮತ್ತು ಶಿಲೀಂಧ್ರಗಳಿಂದ ಕಾಪಾಡಲು ಬಳಸುವ ರಾಸಾಯನಿಕಗಳ ಜೊತೆ ಹತ್ತಾರು ವರ್ಷ ಕೆಲಸ ಮಾಡಿದವರು, ಅವರ ಮನೆಯವರು ಮತ್ತು ಅವರನ್ನು ನೋಡುವ ವೈದ್ಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಒಂದು ಮಾತನ್ನು ಮೊದಲೇ ಹೇಳಬೇಕು. ಡಬ್ಬದ ಮೇಲೆ ಹೆಸರು ಬರೆದಿದ್ದ ವಿಷವೂ ದೇಹದಲ್ಲಿ ಉಳಿದುಕೊಳ್ಳುವ ವಿಷವೂ ಒಂದೇ ಆಗಿರಬೇಕಾಗಿಲ್ಲ. ಜೊತೆಗೆ, ಕಾಯಿಲೆ ಕಾಣಿಸಿಕೊಳ್ಳುವ ಹೊತ್ತಿಗೆ ಆ ವಿಷದ ಗುರುತು ರಕ್ತದಲ್ಲಾಗಲಿ ಮೂತ್ರದಲ್ಲಾಗಲಿ ಸಿಗದೇ ಹೋಗಬಹುದು. ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಉತ್ತರಗಳಲ್ಲಿ ಹೆಚ್ಚಿನವು ಸುಲಭವಾಗಿ ಅರ್ಥವಾಗುತ್ತವೆ.

ಮರಕ್ಕೆ ಹಾಕುತ್ತಿದ್ದ ರಾಸಾಯನಿಕಗಳು ಯಾವುವು?

ಮುಖ್ಯವಾಗಿ ಮೂರು. ಮೊದಲನೆಯದು ಕ್ರಿಯೋಸೋಟ್. ಕಲ್ಲಿದ್ದಲಿನ ಡಾಂಬರನ್ನು ಬಟ್ಟಿ ಇಳಿಸಿ ತೆಗೆಯುವ ಈ ಕಪ್ಪು ಎಣ್ಣೆಯನ್ನು ರೈಲು ಹಳಿಗಳ ಕೆಳಗಿನ ಮರದ ಸ್ಲೀಪರುಗಳಿಗೆ, ಕಂಬಗಳಿಗೆ ಮತ್ತು ಬಂದರಿನ ತೊಲೆಗಳಿಗೆ ಉಣಿಸುತ್ತಿದ್ದರು. ಸಿಲಿಂಡರಿನಲ್ಲಿ ಒತ್ತಡ ಕೊಟ್ಟು ಅದನ್ನು ಮರದ ಒಳಕ್ಕೆ ಇಳಿಸುವ ವಿಧಾನಕ್ಕೆ ಜಾನ್ ಬೆಥೆಲ್ ಇಂಗ್ಲೆಂಡಿನಲ್ಲಿ 1838ರಲ್ಲೇ ಪೇಟೆಂಟ್ ಪಡೆದಿದ್ದರು. ಎರಡನೆಯದು 1930ರ ದಶಕದಲ್ಲಿ ಬಂದ ಪೆಂಟಾಕ್ಲೋರೋಫಿನಾಲ್. ಕೆಲಸಗಾರರ ಬಾಯಲ್ಲಿ ಇದು ‘ಪಿಸಿಪಿ’ ಅಥವಾ ಬರೀ ‘ಪೆಂಟಾ’. ಎಣ್ಣೆಯಲ್ಲಿ ಕರಗಿಸಿ ಕಂಬಗಳಿಗೂ, ಸೋಡಿಯಂ ಲವಣದ ರೂಪದಲ್ಲಿ ನೀರಿನಲ್ಲಿ ಕರಗಿಸಿ ಆಗತಾನೇ ಕೊಯ್ದ ಹಸಿ ಹಲಗೆಗಳಿಗೂ ಇದನ್ನು ಬಳಸುತ್ತಿದ್ದರು. ಹಸಿ ಹಲಗೆಗೆ ನೀಲಿ ಕಲೆ ಹಿಡಿಯದಂತೆ ತಡೆಯುವುದು ಇದರ ಉದ್ದೇಶವಾಗಿತ್ತು. ಮೂರನೆಯದು ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಬೆರೆಸಿದ ‘ಸಿಸಿಎ’ ಎಂಬ ಹಸಿರು ಛಾಯೆಯ ದ್ರಾವಣ. ಇದನ್ನು 1933ರಲ್ಲಿ ಕಂಡುಹಿಡಿದವರು ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ. ಮುಂದೆ ಅದು ಜಗತ್ತಿನಾದ್ಯಂತ ಹರಡಿತು.

ಇವಲ್ಲದೆ ಲಿಂಡೇನ್‌ನಂಥ ಕೀಟನಾಶಕಗಳೂ ಕೆಲವು ಮಿಶ್ರಣಗಳಲ್ಲಿ ಇರುತ್ತಿದ್ದವು. ಒಂದೇ ಕಾರ್ಖಾನೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ರಾಸಾಯನಿಕ ಬಳಸಿರುವುದು ಸಾಮಾನ್ಯ. ಹಾಗಾಗಿ ಯಾವುದರ ಜೊತೆ ಕೆಲಸ ಮಾಡಿದಿರಿ ಎಂಬುದರಷ್ಟೇ ಯಾವ ವರ್ಷಗಳಲ್ಲಿ ಮಾಡಿದಿರಿ ಎಂಬುದೂ ಮುಖ್ಯ.

‘ಕಲ್ಮಷ’ ಎಂದರೇನು? ರಾಸಾಯನಿಕವೇ ವಿಷವಾಗಿರುವಾಗ ಅದರೊಳಗೆ ಇನ್ನೇನು ಕಲ್ಮಷ?

ಈ ವಿಷಯದಲ್ಲಿ ಎಲ್ಲಕ್ಕಿಂತ ಹೆಚ್ಚು ಗೊಂದಲ ಇರುವುದು ಇಲ್ಲೇ. ಕಾರ್ಖಾನೆಗಳಿಗೆ ಬರುತ್ತಿದ್ದ ಪಿಸಿಪಿ ಶುದ್ಧ ವಸ್ತುವಾಗಿರಲಿಲ್ಲ. ಅದರಲ್ಲಿ ನೂರಕ್ಕೆ 85ರಿಂದ 90 ಭಾಗದಷ್ಟು ಮಾತ್ರ ಪೆಂಟಾಕ್ಲೋರೋಫಿನಾಲ್ ಇದ್ದು, ಉಳಿದದ್ದರಲ್ಲಿ ಹೆಚ್ಚಿನದು ಅದೇ ಕುಟುಂಬದ ಬೇರೆ ಕ್ಲೋರೋಫಿನಾಲ್‌ಗಳಾಗಿರುತ್ತಿತ್ತು. ಇವುಗಳ ನಡುವೆ ಅತ್ಯಲ್ಪ ಪ್ರಮಾಣದಲ್ಲಿ ಡಯಾಕ್ಸಿನ್‌ಗಳು, ಫ್ಯೂರಾನ್‌ಗಳು ಮತ್ತು ಹೆಕ್ಸಾಕ್ಲೋರೋಬೆಂಜೀನ್ ಎಂಬ, ಕ್ಲೋರಿನ್ ಸೇರಿದ ಬೇರೆ ವಿಷಗಳು ಸೇರಿರುತ್ತಿದ್ದವು. ಇವನ್ನು ಯಾರೂ ಬೇಕೆಂದು ಬೆರೆಸಿದ್ದಲ್ಲ. ಹೆಚ್ಚಿನ ಶಾಖದಲ್ಲಿ ಫಿನಾಲ್‌ಗೆ ಕ್ಲೋರಿನ್ ಸೇರಿಸುವಾಗ ತಾವಾಗಿಯೇ ಹುಟ್ಟಿಕೊಂಡು ಸರಕಿನ ಜೊತೆಗೇ ಹೊರಬರುತ್ತಿದ್ದವು. ಮರವನ್ನು ಕಾಪಾಡುವುದರಲ್ಲಿ ಅವುಗಳ ಪಾತ್ರ ಏನೂ ಇಲ್ಲ. ಆ ಕಾರಣದಿಂದಲೇ ಡಬ್ಬದ ಚೀಟಿಯಲ್ಲಿ ಅವುಗಳ ಹೆಸರೂ ಇರುತ್ತಿರಲಿಲ್ಲ.

ಡಯಾಕ್ಸಿನ್ ಎಂದೊಡನೆ ಜನರಿಗೆ ನೆನಪಾಗುವುದು ಟಿಸಿಡಿಡಿ ಎಂಬ ಅತ್ಯಂತ ವಿಷಕಾರಿ ಪ್ರಕಾರ. ಪಿಸಿಪಿಯಲ್ಲಿ ಹೆಚ್ಚಾಗಿ ಇದ್ದದ್ದು ಅದಲ್ಲ. ಆರು, ಏಳು ಅಥವಾ ಎಂಟು ಕ್ಲೋರಿನ್ ಪರಮಾಣುಗಳಿರುವ, ಅದಕ್ಕಿಂತ ಕಡಿಮೆ ತೀವ್ರತೆಯ ಪ್ರಕಾರಗಳು ಅದರಲ್ಲಿದ್ದವು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಪರಿಷ್ಕರಿಸಿದ ಅಳತೆಗೋಲಿನಂತೆ ಟಿಸಿಡಿಡಿಯ ತೀವ್ರತೆಯನ್ನು 1 ಎಂದು ಹಿಡಿದರೆ ಆರು ಕ್ಲೋರಿನ್‌ನ ವಿಷಕಾರಿ ಪ್ರಕಾರಗಳದು 0.1, ಏಳರದು 0.01, ಎಂಟರದು 0.0003. ಈ ಅಂಕಿಗಳನ್ನು ತೋರಿಸಿ ‘ಹೆದರುವಂಥದ್ದೇನೂ ಇಲ್ಲ’ ಎನ್ನುವವರಿದ್ದಾರೆ. ಒಂದು ದಿನದ ಲೆಕ್ಕವಾದರೆ ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಆದರೆ ಕೊಬ್ಬಿನಲ್ಲಿ ಸೇರಿಕೊಂಡು ವರ್ಷಗಟ್ಟಲೆ ಹೊರಹೋಗದ ವಸ್ತುವನ್ನು ಇಪ್ಪತ್ತು ವರ್ಷ, ದಿನಕ್ಕೆ ಎಂಟು ಗಂಟೆಯಂತೆ ಮೈಮೇಲೆ ಹಾಕಿಕೊಂಡವರ ಲೆಕ್ಕವೇ ಬೇರೆ.

ಯಾವ ಕೆಲಸದಲ್ಲಿದ್ದವರಿಗೆ ಅಪಾಯ ಹೆಚ್ಚು?

ಹುದ್ದೆಯ ಹೆಸರು ನೋಡಿ ಇದನ್ನು ಹೇಳಲಾಗದು. ಮೈಗೆ ಏನು ತಾಗುತ್ತಿತ್ತು ಎಂಬುದನ್ನು ನೋಡಬೇಕು.

ಹಲಗೆ ಅದ್ದುವ ತೊಟ್ಟಿಯ ಕೆಲಸವನ್ನೇ ತೆಗೆದುಕೊಳ್ಳಿ. ಪುಡಿಯ ಚೀಲವನ್ನು ಹರಿದು ನೀರಿಗೆ ಸುರಿಯುವಾಗ ಏಳುವ ಧೂಳು ಮೂಗಿಗೆ ಹೊಕ್ಕರೆ ಸೀನು ನಿಲ್ಲುತ್ತಿರಲಿಲ್ಲ. ಪಿಸಿಪಿಯ ಸೋಡಿಯಂ ಲವಣವಾದ ಸೋಡಿಯಂ ಪೆಂಟಾಕ್ಲೋರೋಫಿನೇಟಿನ ಧೂಳು ಮೂಗನ್ನು ತೀವ್ರವಾಗಿ ಕೆರಳಿಸುತ್ತದೆ, ಹಳಬರು ಆ ಸೀನಿನಿಂದಲೇ ಅದನ್ನು ಗುರುತಿಸುತ್ತಾರೆ. ಆಮೇಲೆ ಹಲಗೆಗಳ ಕಟ್ಟನ್ನು ತೊಟ್ಟಿಗೆ ಇಳಿಸಿ ಮೇಲೆತ್ತುತ್ತಾರೆ. ಎತ್ತಿದ ಕಟ್ಟಿನಿಂದ ದ್ರಾವಣ ತೊಟ್ಟಿಕ್ಕುತ್ತಿರುವಾಗಲೇ ಅದನ್ನು ಬಿಚ್ಚಿ, ಒಂದೊಂದೇ ಹಲಗೆಯನ್ನು ಕೈಯಿಂದ ಎಳೆದು, ಅಳತೆಗೆ ತಕ್ಕಂತೆ ಬೇರ್ಪಡಿಸಿ ಪೇರಿಸಬೇಕು. ಹಲಗೆಯ ಭಾರ ಹೊಟ್ಟೆ ಮತ್ತು ತೊಡೆಯ ಮೇಲೆ ಬೀಳುವುದರಿಂದ ಅಂಗಿ, ಪ್ಯಾಂಟು ಬೆಳಿಗ್ಗೆಯೇ ನೆನೆದು, ಸಂಜೆಯವರೆಗೂ ಹಾಗೇ ಮೈಗೆ ಅಂಟಿಕೊಂಡಿರುತ್ತವೆ. ತೋಳುಗಳ ಒಳಭಾಗದಲ್ಲಿ, ಸೊಂಟದ ಪಟ್ಟಿಯ ಕೆಳಗೆ ಚರ್ಮ ಕೆಂಪಾಗಿ ಉರಿಯುತ್ತದೆ. ಪೇರಿಸುವವನ ಹುದ್ದೆ ಬರೀ ‘ಕೂಲಿ’ ಎಂದಿರಬಹುದು. ಅವನಿಗೆ ತಗುಲಿದ ಪ್ರಮಾಣ ಮಾತ್ರ ರಾಸಾಯನಿಕ ಬೆರೆಸುವವನಷ್ಟೇ ಇರಬಹುದು.

ಎಲ್ಲಕ್ಕಿಂತ ಕೆಟ್ಟ ಕೆಲಸ ತೊಟ್ಟಿಯ ತಳದ ಗಸಿ ತೆಗೆಯುವುದು. ಮರದ ಹೊಟ್ಟು, ಮಣ್ಣು ಮತ್ತು ಕರಗದೆ ಉಳಿದ ರಾಸಾಯನಿಕ ತಳದಲ್ಲಿ ಸೇರಿ ಕೆಸರಾಗುತ್ತದೆ. ಡಯಾಕ್ಸಿನ್‌ಗಳು ನೀರಿನಲ್ಲಿ ಕರಗುವುದಿಲ್ಲ. ಅವು ಎಣ್ಣೆಗೂ ಕೆಸರಿನ ಕಣಗಳಿಗೂ ಅಂಟಿಕೊಳ್ಳುವುದರಿಂದ ಮೇಲಿನ ದ್ರಾವಣಕ್ಕಿಂತ ತಳದ ಗಸಿಯಲ್ಲೇ ಹೆಚ್ಚಾಗಿ ಶೇಖರವಾಗುತ್ತವೆ. ವರ್ಷಕ್ಕೆ ಕೆಲವು ಸಲ ತೊಟ್ಟಿಯೊಳಗೆ ಇಳಿದು ಸಲಿಕೆಯಿಂದ ಗಸಿ ಎತ್ತಿಹಾಕಿದವರು ಅದನ್ನು ‘ಎರಡು ದಿನದ ಕ್ಲೀನಿಂಗ್ ಕೆಲಸ’ ಎಂದು ಮರೆತಿರುತ್ತಾರೆ. ಯಾರಾದರೂ ಕೇಳಿದಾಗ ಮೊದಲು ಹೇಳಬೇಕಾದದ್ದು ಅದನ್ನೇ.

ಒತ್ತಡದ ಸಿಲಿಂಡರ್ ಇದ್ದ ಕಡೆ ಅದರ ಬಾಗಿಲು ತೆರೆಯುವ ಕ್ಷಣದ ಬಿಸಿ ಆವಿ, ಒಳಗೆ ಸಿಕ್ಕಿಕೊಂಡ ಮರ ಬಿಡಿಸುವ ಕೆಲಸ, ಹನಿ ಒಸರುವ ಅಂಗಳದಲ್ಲಿ ಓಡಾಟ, ಪಂಪು ಮತ್ತು ಪೈಪುಗಳ ರಿಪೇರಿ ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ಸಿಸಿಎ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ದ್ರಾವಣದಲ್ಲಿರುವುದು ಹೆಚ್ಚು ಅಪಾಯಕಾರಿಯಾದ ಆರು ವೇಲೆನ್ಸಿಯ ಕ್ರೋಮಿಯಂ. ಅದು ಮರದೊಳಗೆ ನಿಧಾನವಾಗಿ ಮೂರು ವೇಲೆನ್ಸಿಯ ರೂಪಕ್ಕೆ ತಿರುಗಿ ಭದ್ರವಾಗುತ್ತದೆ. ಬೆಚ್ಚಗಿದ್ದರೆ ಇದಕ್ಕೆ ಕೆಲವು ದಿನ ಸಾಕು, ಚಳಿಯಿದ್ದರೆ ವಾರಗಳೇ ಹಿಡಿಯುತ್ತವೆ. ಅಷ್ಟರೊಳಗೆ ಆ ಮರವನ್ನು ಬರಿಗೈಯಲ್ಲಿ ಮುಟ್ಟಿದವರಿಗೂ, ತಿಂಗಳುಗಳ ನಂತರ ಮುಟ್ಟಿದವರಿಗೂ ತಗುಲಿದ್ದು ಒಂದೇ ಅಲ್ಲ.

ಕೈಗವಸು ಹಾಕಿಕೊಳ್ಳುತ್ತಿದ್ದೆವು. ಅದು ಸಾಕಾಗಿರಲಿಲ್ಲವೇ?

ಒರಟು ಮರದಿಂದ ಸಿಬಿರು ಚುಚ್ಚದಿರಲೆಂದು ಕೊಡುತ್ತಿದ್ದ ತೊಗಲಿನ ಅಥವಾ ಬಟ್ಟೆಯ ಕೈಗವಸು ದ್ರಾವಣವನ್ನು ತಡೆಯುವುದಿಲ್ಲ. ಬದಲಿಗೆ ಅದನ್ನು ಹೀರಿಕೊಂಡು ದಿನವಿಡೀ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಪಿಸಿಪಿ ಚರ್ಮದ ಮೂಲಕ ಸರಾಗವಾಗಿ ರಕ್ತಕ್ಕೆ ಸೇರುತ್ತದೆ. ಇದಕ್ಕೆ ದುಃಖದ ಸಾಕ್ಷಿಯೊಂದು 1967ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಿಂದ ಬಂತು. ಅಲ್ಲಿ ನವಜಾತ ಶಿಶುಗಳ ವಾರ್ಡಿನ ಬಟ್ಟೆಗಳನ್ನು ಸೋಡಿಯಂ ಪೆಂಟಾಕ್ಲೋರೋಫಿನೇಟ್ ಇದ್ದ ಪುಡಿಯಿಂದ ಒಗೆದಿದ್ದರಿಂದ ಒಂಬತ್ತು ಶಿಶುಗಳು ತೀವ್ರವಾಗಿ ಅಸ್ವಸ್ಥಗೊಂಡು, ಎರಡು ಸತ್ತವು. ವಿಷ ಹೋಗಿದ್ದು ಒಗೆದ ಬಟ್ಟೆಯಿಂದ, ಚರ್ಮದ ದಾರಿಯಲ್ಲಿ. ಹಾಗಾಗಿ ಗಾಳಿಯಲ್ಲಿನ ಪ್ರಮಾಣವನ್ನಷ್ಟೇ ಅಳೆದು ‘ಮಿತಿಯೊಳಗಿತ್ತು’ ಎಂದು ಬರೆದ ಹಳೆಯ ವರದಿಗಳನ್ನು ಎಚ್ಚರದಿಂದ ಓದಬೇಕು.

ಆಗ ಏನೂ ಆಗಲಿಲ್ಲ. ಹಾಗಿದ್ದ ಮೇಲೆ ಈಗ ಭಯಪಡಬೇಕೇ?

ತಕ್ಷಣದ ವಿಷಬಾಧೆ ಮತ್ತು ದೀರ್ಘಕಾಲದ ಹಾನಿ ಬೇರೆ ಬೇರೆ ದಾರಿಯಲ್ಲಿ ಬರುತ್ತವೆ. ಪಿಸಿಪಿ ಹೆಚ್ಚಾಗಿ ಮೈಗೆ ಸೇರಿದರೆ ಜೀವಕೋಶಗಳು ಆಹಾರದಿಂದ ಪಡೆದ ಶಕ್ತಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಶಾಖವಾಗಿ ಸೋರಿಹೋಗಲು ಬಿಡುತ್ತವೆ. ವಿಪರೀತ ಬೆವರು, ಬಾಯಾರಿಕೆ, ಏದುಸಿರು ಮತ್ತು ಏರುವ ಜ್ವರ ಅದರ ಲಕ್ಷಣಗಳು. ಸೆಕೆಯ ದಿನಗಳಲ್ಲಿ ಇದು ಪ್ರಾಣಕ್ಕೇ ಎರವಾದದ್ದುಂಟು. ಅದಕ್ಕೆ ಪ್ರತ್ಯೇಕ ಮದ್ದಿಲ್ಲ. ಜ್ವರವೆಂದು ಆಸ್ಪಿರಿನ್ ಕೊಟ್ಟರೆ ಪರಿಸ್ಥಿತಿ ಹದಗೆಡುತ್ತದೆ ಎಂಬುದನ್ನು ಈಗಲೂ ಈ ಕೆಲಸದಲ್ಲಿರುವವರು ನೆನಪಿಡಬೇಕು.

ಇಂಥದ್ದೇನೂ ಆಗದವರಿಗೂ ಸಣ್ಣ ಪ್ರಮಾಣದಲ್ಲಿ ದಿನಾ ಸೇರುತ್ತಿದ್ದದ್ದು ಸೇರಿಯೇ ಇರುತ್ತದೆ. ಗಟ್ಟಿಯಾದ ಅಂಗಗಳ ಕ್ಯಾನ್ಸರುಗಳು ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ವರ್ಷಗಳ ನಂತರ ಕಾಣಿಸಿಕೊಳ್ಳುತ್ತವೆ. ಹೀಗೆಂದ ಮಾತ್ರಕ್ಕೆ ಈ ಕೆಲಸ ಮಾಡಿದ ಎಲ್ಲರಿಗೂ ಕಾಯಿಲೆ ಬರುತ್ತದೆಂದು ಅರ್ಥವಲ್ಲ. ಹೆಚ್ಚಿನವರಿಗೆ ಬರುವುದಿಲ್ಲ.

ಯಾವ ಯಾವ ಕ್ಯಾನ್ಸರಿಗೂ ಈ ರಾಸಾಯನಿಕಗಳಿಗೂ ಸಂಬಂಧವಿದೆ ಎಂದು ಸಾಬೀತಾಗಿದೆ?

ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಪೆಂಟಾಕ್ಲೋರೋಫಿನಾಲ್ ಅನ್ನು 2016ರಲ್ಲಿ ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್‌ಕಾರಕವಾದ ಒಂದನೇ ಗುಂಪಿಗೆ ಸೇರಿಸಿತು. ನಾನ್-ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ದುಗ್ಧರಸ ವ್ಯವಸ್ಥೆಯ ಒಂದು ಬಗೆಯ ಕ್ಯಾನ್ಸರ್, ಈ ತೀರ್ಮಾನದ ಆಧಾರವಾಗಿತ್ತು. ಟಿಸಿಡಿಡಿ 1997ರಿಂದಲೇ ಆ ಗುಂಪಿನಲ್ಲಿದೆ. ಆರ್ಸೆನಿಕ್ ಕೂಡ ಒಂದನೇ ಗುಂಪಿನದು, ಶ್ವಾಸಕೋಶ, ಚರ್ಮ ಮತ್ತು ಮೂತ್ರಕೋಶದ ಕ್ಯಾನ್ಸರಿಗೆ ಕಾರಣ. ಆರು ವೇಲೆನ್ಸಿಯ ಕ್ರೋಮಿಯಂ ಸಹ ಅಲ್ಲೇ ಇದೆ, ಅದು ಮುಖ್ಯವಾಗಿ ಶ್ವಾಸಕೋಶದ ಕ್ಯಾನ್ಸರಿಗೆ ದಾರಿ. ಕ್ರಿಯೋಸೋಟ್ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಎರಡು-ಎ ಗುಂಪಿನಲ್ಲಿದ್ದರೂ, ಅದರೊಳಗಿರುವ ಬೆಂಜೋಪೈರೀನ್ ಒಂದನೇ ಗುಂಪಿಗೆ ಸೇರಿದೆ. ಹೆಚ್ಚಿನವರು ಗಮನಿಸದ ಇನ್ನೊಂದು ಸಂಗತಿಯೆಂದರೆ, ಯಾವ ರಾಸಾಯನಿಕವೂ ಇಲ್ಲದ ಬರೀ ಮರದ ಹೊಟ್ಟೂ ಒಂದನೇ ಗುಂಪಿನಲ್ಲೇ ಇದೆ. ಅದು ಮೂಗಿನ ಒಳಭಾಗದ ಕ್ಯಾನ್ಸರಿಗೆ ಕಾರಣವಾಗುತ್ತದೆ.

ಡಾಂಬರಿನ ಕಥೆ ಬಹಳ ಹಳೆಯದು. ಹೊಗೆಗೂಡು ಗುಡಿಸುವ ಹುಡುಗರಿಗೆ ಮಸಿಯಿಂದ ವೃಷಣಚೀಲದ ಕ್ಯಾನ್ಸರ್ ಬರುತ್ತದೆಂದು ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಬರೆದರು. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲಗಳ ಕಿವಿಗೆ ತಿಂಗಳುಗಟ್ಟಲೆ ಕಲ್ಲಿದ್ದಲಿನ ಡಾಂಬರು ಹಚ್ಚಿ ಕ್ಯಾನ್ಸರ್ ಬರುವುದನ್ನು ತೋರಿಸಿದರು. ಗೊತ್ತಿರಲಿಲ್ಲ ಎಂಬ ಸಮಜಾಯಿಷಿಯನ್ನು ಕ್ರಿಯೋಸೋಟಿನ ವಿಷಯದಲ್ಲಂತೂ ಒಪ್ಪುವುದು ಕಷ್ಟ.

ಪಿಸಿಪಿ ಬಗೆಗಿನ ಗಟ್ಟಿಯಾದ ಅಧ್ಯಯನಗಳಲ್ಲಿ ಒಂದು ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ್ದು. ಅಲ್ಲಿನ ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಕೆಲಸ ಮಾಡಿದ ಸುಮಾರು 27,000 ಗಂಡಸರನ್ನು ದಶಕಗಳ ಕಾಲ ಹಿಂಬಾಲಿಸಿದ ಸಂಶೋಧಕರು 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಿಸಿಪಿಯ ಸಂಪರ್ಕ ಹೆಚ್ಚಿದಂತೆ ನಾನ್-ಹಾಡ್ಜ್‌ಕಿನ್ ಲಿಂಫೋಮಾ ಮತ್ತು ಮೂಳೆಮಜ್ಜೆಯ ಕ್ಯಾನ್ಸರಾದ ಮಲ್ಟಿಪಲ್ ಮೈಲೋಮಾ ಹೆಚ್ಚುತ್ತಾ ಹೋಗಿದ್ದು ಅದರಲ್ಲಿ ಕಂಡುಬಂತು. ಯಾರಿಗೆ ಎಷ್ಟು ತಗುಲಿತ್ತು ಎಂದು ಅಂದಾಜಿಸಲು ಅವರು ಆಶ್ರಯಿಸಿದ್ದು ಆ ಕಾರ್ಖಾನೆಗಳ ಅನುಭವಿ ಕೆಲಸಗಾರರನ್ನು. ಯಾವ ಜಾಗದಲ್ಲಿ ನಿಂತವನಿಗೆ ಎಷ್ಟು ಹೊತ್ತು ದ್ರಾವಣ ತಾಗುತ್ತಿತ್ತು ಎಂದು ಅವರು ಹೇಳಿದ ಅಂದಾಜು ಮೂತ್ರ ಪರೀಕ್ಷೆಯ ಫಲಿತಾಂಶಗಳಿಗೆ ಹೊಂದುತ್ತದೆಯೇ ಎಂದು ಮೊದಲೇ ಒರೆಹಚ್ಚಿ ನೋಡಲಾಗಿತ್ತು. ಕೆಲಸಗಾರನ ನೆನಪನ್ನು ‘ಹೇಳಿಕೆ ಮಾತು’ ಎಂದು ತಳ್ಳಿಹಾಕುವವರಿಗೆ ಈ ಉದಾಹರಣೆ ಸಾಕು.

ಕ್ಯಾನ್ಸರ್ ಬಿಟ್ಟು ಬೇರೆ ತೊಂದರೆಗಳು?

ಡಯಾಕ್ಸಿನ್ ಕುಟುಂಬದ ವಿಷ ಹೆಚ್ಚಾಗಿ ಸೇರಿದವರಲ್ಲಿ ‘ಕ್ಲೋರ್ಯಾಕ್ನೆ’ ಕಾಣಿಸುತ್ತದೆ. ಇದು ಹರೆಯದ ಮೊಡವೆಯಂತಲ್ಲ. ಕಣ್ಣಿನ ಹೊರ ಅಂಚಿನಿಂದ ಕೆನ್ನೆಯವರೆಗೆ ಮತ್ತು ಕಿವಿಯ ಹಿಂದೆ ಕರಿ ತಲೆಯ ಗುಳ್ಳೆಗಳು, ಒಣಹುಲ್ಲಿನ ಬಣ್ಣದ ಸಣ್ಣ ಗಂಟುಗಳು ಏಳುತ್ತವೆ. ಕೆಲಸ ಬಿಟ್ಟ ಮೇಲೂ ವರ್ಷಗಟ್ಟಲೆ ಉಳಿಯಬಹುದು. ಹಳೆಯ ಫೋಟೋದಲ್ಲಿ ಅಂಥ ಗುರುತು ಕಂಡರೆ ಆ ಫೋಟೋ ಜೋಪಾನವಾಗಿಟ್ಟುಕೊಳ್ಳಿ, ವೈದ್ಯರಿಗೆ ಅದು ಒಳ್ಳೆಯ ಸಾಕ್ಷಿ.

ಆರ್ಸೆನಿಕ್ ದೀರ್ಘಕಾಲ ಸೇರಿದವರ ಅಂಗೈ, ಅಂಗಾಲುಗಳಲ್ಲಿ ಕಾಳಿನಂಥ ಗಟ್ಟಿ ಗಂಟುಗಳೂ, ಎದೆ ಮತ್ತು ಬೆನ್ನಿನಲ್ಲಿ ಮಳೆಹನಿ ಸಿಡಿದಂಥ ಕಪ್ಪು-ಬಿಳಿ ಚುಕ್ಕೆಗಳೂ ಮೂಡುತ್ತವೆ. ಕೈಕಾಲು ಜೋಮು ಹಿಡಿಯುವುದೂ ಇದೆ. ಕ್ರೋಮಿಯಂ ಚರ್ಮದಲ್ಲಿ ನೋವಿಲ್ಲದ ಆಳವಾದ ಹುಣ್ಣು ಮಾಡುತ್ತದೆ, ಮೂಗಿನ ನಡುಗೋಡೆಯಲ್ಲಿ ತೂತು ಮಾಡಬಲ್ಲದು. ಒಮ್ಮೆ ಅದಕ್ಕೆ ಅಲರ್ಜಿ ಆದವರಿಗೆ ಸಿಮೆಂಟು ಮುಟ್ಟಿದರೂ ಕಜ್ಜಿ ಮರುಕಳಿಸಬಹುದು. ಕ್ರಿಯೋಸೋಟ್ ತಾಗಿದ ಚರ್ಮ ಬಿಸಿಲಿಗೆ ಬಿದ್ದರೆ ಸುಟ್ಟಂತೆ ಉರಿಯುತ್ತದೆ.

ಸದಾ ಸುಸ್ತು, ಮರೆವು, ನಿದ್ದೆಗೇಡು ಮತ್ತು ಮನಸ್ಸಿನ ಕುಗ್ಗುವಿಕೆಯನ್ನು ಹಳೆಯ ಕೆಲಸಗಾರರು ಪದೇ ಪದೇ ಹೇಳುತ್ತಾರೆ. ಇವುಗಳಿಗೆ ಬೇರೆ ಕಾರಣಗಳೂ ಬಹಳ ಇರುವುದರಿಂದ ಒಬ್ಬ ವ್ಯಕ್ತಿಯಲ್ಲಿ ಇದೇ ರಾಸಾಯನಿಕ ಕಾರಣ ಎಂದು ಬೆರಳು ತೋರಿಸುವುದು ಸುಲಭವಲ್ಲ. ಹಾಗೆಂದು ‘ಎಲ್ಲಾ ನಿಮ್ಮ ಮನಸ್ಸಿನಲ್ಲಿದೆ’ ಎಂದು ಕಳಿಸಿಬಿಡುವುದೂ ಸರಿಯಾದ ವೈದ್ಯಕೀಯವಲ್ಲ.

ಈಗ ರಕ್ತ, ಮೂತ್ರ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆಯೇ?

ಯಾವ ವಸ್ತು ಮತ್ತು ಕೆಲಸ ಬಿಟ್ಟು ಎಷ್ಟು ಕಾಲವಾಯಿತು ಎಂಬುದರ ಮೇಲೆ ಉತ್ತರ ನಿಂತಿದೆ. ಕ್ರಿಯೋಸೋಟಿನ ಗುರುತಾಗಿ ಮೂತ್ರದಲ್ಲಿ ಅಳೆಯುವ 1-ಹೈಡ್ರಾಕ್ಸಿಪೈರೀನ್ ಒಂದೆರಡು ದಿನಗಳಲ್ಲಿ ಇಳಿದುಬಿಡುತ್ತದೆ. ಆರ್ಸೆನಿಕ್ ಮೂತ್ರದಲ್ಲಿ ಕೆಲವೇ ದಿನ ಕಾಣುತ್ತದೆ. ಪಿಸಿಪಿ ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ಹೊರಹೋಗುತ್ತದೆ. ಹಾಗಾಗಿ ಇಪ್ಪತ್ತು ವರ್ಷದ ಹಿಂದೆ ಕೆಲಸ ಬಿಟ್ಟವರ ಮೂತ್ರದಲ್ಲಿ ಪಿಸಿಪಿ ಇಲ್ಲ ಎಂಬ ವರದಿಯಿಂದ ಹಿಂದಿನದು ಏನೂ ತಿಳಿಯುವುದಿಲ್ಲ. ಅಂಥ ವರದಿಯನ್ನು ಹಿಡಿದು ‘ನಿಮಗೇನೂ ತಗುಲಿರಲಿಲ್ಲ’ ಎನ್ನುವವರು ತಪ್ಪು ಹೇಳುತ್ತಿದ್ದಾರೆ. ಇನ್ನೊಂದು ಎಚ್ಚರಿಕೆಯಿದೆ. ಆರ್ಸೆನಿಕ್ ಪರೀಕ್ಷೆಗೆ ಎರಡು ಮೂರು ದಿನ ಮೊದಲು ಮೀನು, ಸೀಗಡಿ, ಏಡಿ ತಿನ್ನಬಾರದು. ಅವುಗಳಲ್ಲಿರುವ ನಿರುಪದ್ರವಿ ಆರ್ಸೆನಿಕ್‌ನಿಂದಲೇ ಅಂಕಿ ಏರಿಬಿಡುತ್ತದೆ.

ಡಯಾಕ್ಸಿನ್‌ಗಳು ಮಾತ್ರ ಬೇರೆ. ಟಿಸಿಡಿಡಿ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳರಿಂದ ಹನ್ನೊಂದು ವರ್ಷ ಬೇಕು. ಲೆಕ್ಕಕ್ಕೆಂದು ಎಂಟು ವರ್ಷ ಹಿಡಿದರೆ, ಕೆಲಸ ಬಿಟ್ಟ ದಿನ ಇದ್ದದ್ದು ಎಂಟು ವರ್ಷಕ್ಕೆ ಅರ್ಧ, ಹದಿನಾರು ವರ್ಷಕ್ಕೆ ಕಾಲು, ಇಪ್ಪತ್ತನಾಲ್ಕು ವರ್ಷಕ್ಕೆ ಎಂಟನೇ ಒಂದು ಭಾಗ. ನ್ಯೂಜಿಲೆಂಡಿನ ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಪಿಸಿಪಿ ಬಳಕೆ 1988ರಲ್ಲಿ ನಿಂತಿತ್ತು. ಸುಮಾರು ಎರಡು ದಶಕಗಳ ನಂತರ ಮ್ಯಾಸ್ಸಿ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಕೆಲಸಗಾರರ ರಕ್ತ ಪರೀಕ್ಷಿಸಿದಾಗ, ಪಿಸಿಪಿ ಮುಟ್ಟದವರಿಗಿಂತ ಮುಟ್ಟಿದವರಲ್ಲಿ ಡಯಾಕ್ಸಿನ್ ಇನ್ನೂ ಹೆಚ್ಚಾಗಿಯೇ ಇತ್ತು. ಯಾವ ಪ್ರಕಾರ ಎಷ್ಟಿತ್ತು ಎಂಬ ವಿನ್ಯಾಸವೂ ಪಿಸಿಪಿಯ ಕಲ್ಮಷಕ್ಕೆ ಹೋಲುತ್ತಿತ್ತು. ಹೆಸರಿದ್ದ ವಿಷ ಎಂದೋ ಹೋಗಿತ್ತು, ಹೆಸರಿಲ್ಲದ್ದು ಉಳಿದಿತ್ತು.

ಈ ಪರೀಕ್ಷೆ ತುಂಬಾ ದುಬಾರಿ, ಮಾಡುವ ಪ್ರಯೋಗಾಲಯಗಳು ಬೆರಳೆಣಿಕೆಯಷ್ಟು, ಫಲಿತಾಂಶದಿಂದ ಚಿಕಿತ್ಸೆ ಬದಲಾಗುವುದೂ ಇಲ್ಲ. ಹಾಗಾಗಿ ಸ್ವಂತ ಖರ್ಚಿನಲ್ಲಿ ಮಾಡಿಸಿ ಎಂದು ಸಲಹೆ ಕೊಡಲಾಗದು. ಸಂಶೋಧನೆಯ ಭಾಗವಾಗಿ ಅವಕಾಶ ಸಿಕ್ಕರೆ ಬಿಡಬೇಡಿ.

ದೇಹ ಶುದ್ಧಿ ಮಾಡುವ ಚಿಕಿತ್ಸೆಗಳಿಂದ ಇದನ್ನು ತೆಗೆಸಬಹುದೇ?

ಇಲ್ಲ. ಡಯಾಕ್ಸಿನ್ ಅನ್ನು ಕೊಬ್ಬಿನಿಂದ ಹೊರತೆಗೆಯುವ ಸಾಬೀತಾದ, ಸುರಕ್ಷಿತವಾದ ಸಾಮಾನ್ಯ ಚಿಕಿತ್ಸೆ ಯಾವುದೂ ಇಲ್ಲ. ಲೋಹಗಳನ್ನು ಹಿಡಿದು ಹೊರಹಾಕುವ ಔಷಧಿಗಳು ತೀವ್ರ ಆರ್ಸೆನಿಕ್ ವಿಷಬಾಧೆಗೆ ಮಾತ್ರ, ವೈದ್ಯರ ಕಣ್ಗಾವಲಿನಲ್ಲಿ. ಎಂದೋ ಹೊರಹೋಗಿರುವ ಆರ್ಸೆನಿಕ್‌ಗೆ ಈಗ ಔಷಧಿ ತೆಗೆದುಕೊಳ್ಳುವುದರಿಂದ ಹಣವೂ ಮೂತ್ರಪಿಂಡವೂ ಹಾಳು.

ಹೆಂಡತಿ ಮಕ್ಕಳಿಗೂ ತಗುಲಿರಬಹುದೇ?

ತಗುಲಿರಬಹುದು. ಕೆಲಸದ ಬಟ್ಟೆ ಮನೆಗೆ ಬಂದು, ಮನೆಯ ಬೇರೆ ಬಟ್ಟೆಗಳ ಜೊತೆ ನೆನೆದು, ಮನೆಯವರ ಕೈಯಲ್ಲೇ ಒಗೆಸಿಕೊಳ್ಳುತ್ತಿತ್ತು. ಕಾರ್ಖಾನೆಯಿಂದ ತಂದ ಮರದ ತುಂಡುಗಳು ಒಲೆಗೆ, ಹೊಟ್ಟು ತೋಟಕ್ಕೆ ಅಥವಾ ಕೋಳಿಗೂಡಿಗೆ ಹೋಗುತ್ತಿತ್ತು. ಒಗೆದವರಿಗೆ ಆದ ಸಂಪರ್ಕವನ್ನು ಯಾವ ಕಾರ್ಖಾನೆಯ ದಾಖಲೆಯೂ ಬರೆದಿಟ್ಟಿಲ್ಲ ಎಂಬುದು ಈ ವಿಷಯದ ಅತ್ಯಂತ ದೊಡ್ಡ ಅನ್ಯಾಯ ಎಂದೇ ನಮ್ಮ ಅಭಿಪ್ರಾಯ. ಹೆಂಡತಿಗೆ ಕಾಯಿಲೆ ಬಂದಾಗ ಗಂಡನ ಕೆಲಸ ಏನಾಗಿತ್ತೆಂದು ಕೇಳುವ ವೈದ್ಯರು ಅಪರೂಪ. ಕೇಳದಿದ್ದರೂ ಹೇಳಿ.

ಡಯಾಕ್ಸಿನ್ ತಾಯಿಯ ಹಾಲಿನ ಮೂಲಕವೂ ಮಗುವಿಗೆ ಹೋಗುತ್ತದೆ. ಹಾಗಿದ್ದರೂ ಮೊಲೆಹಾಲಿನ ಲಾಭವೇ ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಂದೆಯ ಸಂಪರ್ಕದಿಂದ ಮಕ್ಕಳಲ್ಲಿ ಜನ್ಮದೋಷ ಬರುತ್ತದೆಯೇ ಎಂಬುದನ್ನೂ ಬ್ರಿಟಿಷ್ ಕೊಲಂಬಿಯಾದಲ್ಲೇ ಪರಿಶೀಲಿಸಿ, 1996ರಲ್ಲಿ ಕೆಲವು ಕಣ್ಣಿನ ಮತ್ತು ನರಕೊಳವೆಯ ದೋಷಗಳ ಜೊತೆ ಸಂಬಂಧ ಇರುವಂತೆ ವರದಿ ಮಾಡಿದರು. ಇದು ಲಿಂಫೋಮಾದಷ್ಟು ಖಚಿತವಾದ ತೀರ್ಮಾನವಲ್ಲ.

ನನಗೆ ಬಂದ ಕಾಯಿಲೆಗೆ ಈ ಕೆಲಸವೇ ಕಾರಣ ಎಂದು ಹೇಗೆ ಹೇಳುವುದು?

ಒಬ್ಬರ ಮಟ್ಟದಲ್ಲಿ ನೂರಕ್ಕೆ ನೂರು ಖಚಿತವಾಗಿ ಹೇಳಲಾಗುವುದು ಅಪರೂಪ. ಪಿಸಿಪಿಯಿಂದ ಬಂದ ಲಿಂಫೋಮಾಗೂ ಬೇರೆ ಕಾರಣದಿಂದ ಬಂದದ್ದಕ್ಕೂ ಸೂಕ್ಷ್ಮದರ್ಶಕದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಹಾಗಾಗಿ ತಜ್ಞರು ನೋಡುವುದು ಆ ರಾಸಾಯನಿಕಕ್ಕೆ ಆ ಕಾಯಿಲೆಯ ಜೊತೆ ಒಪ್ಪಿತವಾದ ಸಂಬಂಧ ಇದೆಯೇ, ಸಂಪರ್ಕ ಸಾಕಷ್ಟು ತೀವ್ರವಾಗಿ ಸಾಕಷ್ಟು ಕಾಲ ಇತ್ತೇ, ಸಂಪರ್ಕಕ್ಕೂ ಕಾಯಿಲೆಗೂ ನಡುವಿನ ಅಂತರ ಹೊಂದುತ್ತದೆಯೇ ಎಂಬುದನ್ನು. ಬೀಡಿ ಸಿಗರೇಟು ಸೇದುತ್ತಿದ್ದಿರಿ ಎಂಬ ಒಂದೇ ಕಾರಣಕ್ಕೆ ಶ್ವಾಸಕೋಶದ ಕ್ಯಾನ್ಸರಿನ ಪರಿಹಾರದ ಅರ್ಜಿ ಬಿದ್ದುಹೋಗಬಾರದು. ಆರ್ಸೆನಿಕ್ ಮತ್ತು ತಂಬಾಕಿನ ಹೊಗೆ ಒಂದಕ್ಕೊಂದು ಸೇರಿ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಪರಿಹಾರದ ಕಾನೂನುಗಳು ದೇಶದಿಂದ ದೇಶಕ್ಕೆ ಬೇರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2010ರಲ್ಲಿ ಪರಿಷ್ಕರಿಸಿದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಆರ್ಸೆನಿಕ್ ಮತ್ತು ಕ್ರೋಮಿಯಂನಿಂದ ಬರುವ ರೋಗಗಳಿವೆ. ಅದೇ ಸಂಘಟನೆಯ 1974ರ ಔದ್ಯೋಗಿಕ ಕ್ಯಾನ್ಸರ್ ಒಡಂಬಡಿಕೆಯು ಕೆಲಸದಲ್ಲಿರುವಾಗ ಮಾತ್ರವಲ್ಲ, ಕೆಲಸ ಬಿಟ್ಟ ಮೇಲೂ ವೈದ್ಯಕೀಯ ತಪಾಸಣೆ ಇರಬೇಕೆಂದು ಹೇಳುತ್ತದೆ. ಇದನ್ನು ಒಪ್ಪಿದ ದೇಶಗಳಲ್ಲೂ ಆ ಎರಡನೇ ಭಾಗ ಜಾರಿಯಾಗಿದೆಯೇ ಎಂದು ಕೇಳುವ ಹಕ್ಕು ಹಳೆಯ ಕೆಲಸಗಾರರಿಗಿದೆ.

ಈಗ ಬಳಕೆಯಲ್ಲಿರುವ ಹೊಸ ರಾಸಾಯನಿಕಗಳು ಸುರಕ್ಷಿತವೇ?

ಹಳೆಯವಕ್ಕಿಂತ ಮೇಲು, ಪೂರ್ತಿ ನಿರುಪದ್ರವಿಯಲ್ಲ. ಪಿಸಿಪಿಯನ್ನು ಜರ್ಮನಿ 1989ರಲ್ಲೇ ನಿಷೇಧಿಸಿತು. ಬಹುಕಾಲ ಉಳಿಯುವ ವಿಷಗಳ ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದ 2015ರಲ್ಲಿ, ಕಂಬಗಳಿಗೆ ವಿನಾಯಿತಿ ಇಟ್ಟು, ಅದನ್ನು ನಿರ್ಮೂಲನದ ಪಟ್ಟಿಗೆ ಸೇರಿಸಿತು. ಅಮೆರಿಕ 2022ರಲ್ಲಿ ಹಂತಹಂತವಾಗಿ ರದ್ದು ಮಾಡುವ ತೀರ್ಮಾನಕ್ಕೆ ಬಂತು. ಮನೆಬಳಕೆಯ ಮರಕ್ಕೆ ಸಿಸಿಎ ಹಾಕುವುದನ್ನು ಅಲ್ಲಿ 2003ರ ಕೊನೆಯಿಂದ ನಿಲ್ಲಿಸಲಾಗಿದೆ. ಅವುಗಳ ಜಾಗಕ್ಕೆ ಬಂದ ತಾಮ್ರ ಆಧಾರಿತ ದ್ರಾವಣಗಳಲ್ಲಿ ಆರ್ಸೆನಿಕ್ ಇಲ್ಲ, ಆದರೆ ಕಣ್ಣು ಮತ್ತು ಚರ್ಮವನ್ನು ಕೆರಳಿಸುವ ವಸ್ತುಗಳಿವೆ. ಬೋರಾನ್ ಸಂಯುಕ್ತಗಳು ಹೆಚ್ಚಿನ ಪ್ರಮಾಣದಲ್ಲಿ ಸಂತಾನಶಕ್ತಿಗೆ ತೊಂದರೆ ಮಾಡಬಲ್ಲವು. ನೆನೆದ ಬಟ್ಟೆ ತಕ್ಷಣ ಬದಲಿಸುವುದು, ದ್ರವ ತೂರದ ಕೈಗವಸು, ಊಟಕ್ಕೆ ಮೊದಲು ಸೋಪಿನಲ್ಲಿ ಕೈ ತೊಳೆಯುವುದು, ಬಟ್ಟೆಯನ್ನು ಕಾರ್ಖಾನೆಯಲ್ಲೇ ಒಗೆಸುವುದು ಇವು ರಾಸಾಯನಿಕ ಬದಲಾದರೂ ಬದಲಾಗಬಾರದು.

ಹಳೆಯ ಸ್ಲೀಪರು, ಕಂಬ, ಬೇಲಿಯ ಮರವನ್ನು ಕೊಯ್ದು ಬಳಸಬಹುದೇ? ಒಲೆಗೆ ಹಾಕಬಹುದೇ?

ಒಲೆಗೆ ಖಂಡಿತಾ ಬೇಡ. ಪಿಸಿಪಿ ಹಾಕಿದ ಮರ ಉರಿದಾಗ ಹೊಸದಾಗಿ ಡಯಾಕ್ಸಿನ್ ಹುಟ್ಟುತ್ತದೆ. ಸಿಸಿಎ ಮರ ಉರಿದರೆ ಆರ್ಸೆನಿಕ್ ಸ್ವಲ್ಪ ಹೊಗೆಯಲ್ಲಿ ಹೋಗಿ, ಉಳಿದದ್ದು ಬೂದಿಯಲ್ಲಿ ಸಾಂದ್ರವಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನ ಹಳ್ಳಿಯೊಂದರಲ್ಲಿ ಚಳಿಗಾಲದಲ್ಲಿ ಇಂಥ ಮರವನ್ನು ಒಲೆಯಲ್ಲಿ ಉರಿಸಿದ ಕುಟುಂಬವೊಂದರ ಎಂಟು ಜನಕ್ಕೆ ಚರ್ಮದ ದದ್ದು, ಉಸಿರಾಟದ ತೊಂದರೆ ಮತ್ತು ಕೂದಲು ಉದುರುವಿಕೆ ಕಾಣಿಸಿಕೊಂಡದ್ದು 1984ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಯಿತು. ಕೊಯ್ಯುವುದು ಅನಿವಾರ್ಯವಾದರೆ ಬಯಲಿನಲ್ಲಿ, ಸರಿಯಾದ ಮುಖಗವಸು ಹಾಕಿಕೊಂಡು ಕೊಯ್ಯಿರಿ. ಹೊಟ್ಟನ್ನು ಗಿಡಕ್ಕಾಗಲಿ ದನಕರುಗಳ ಕಾಲಡಿಗಾಗಲಿ ಹಾಕಬೇಡಿ.

ಕಾರ್ಖಾನೆ ಮುಚ್ಚಿಹೋಗಿದೆ, ದಾಖಲೆಗಳೂ ಇಲ್ಲ. ಈಗ ವೈದ್ಯರಿಗೆ ಏನೆಂದು ತೋರಿಸಲಿ?

ನೀವೇ ಬರೆದು ತೋರಿಸಿ. ಒಂದು ನೋಟ್‌ಬುಕ್ಕಿನಲ್ಲಿ ವರ್ಷಕ್ಕೊಂದು ಪುಟ ಬಿಟ್ಟು, ಆ ವರ್ಷ ಯಾವ ಜಾಗದಲ್ಲಿ ನಿಂತು ಏನು ಮಾಡುತ್ತಿದ್ದಿರಿ ಎಂದು ನೆನಪಾದಂತೆ ತುಂಬುತ್ತಾ ಹೋಗಿ. ರಾಸಾಯನಿಕದ ಹೆಸರು ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ಪುಡಿಯೋ ಎಣ್ಣೆಯೋ, ಯಾವ ಬಣ್ಣ, ಎಂಥ ವಾಸನೆ, ಸೀನು ಬರಿಸುತ್ತಿತ್ತೇ, ಮರಕ್ಕೆ ಹಸಿರು ಬರುತ್ತಿತ್ತೇ ಎಂದು ಬರೆದರೆ ತಿಳಿದವರು ಗುರುತಿಸಬಲ್ಲರು. ಮೈ ಎಲ್ಲಿ ನೆನೆಯುತ್ತಿತ್ತು, ದಿನಕ್ಕೆ ಎಷ್ಟು ಹೊತ್ತು, ತೊಟ್ಟಿಯ ಗಸಿ ತೆಗೆಯಲು ಎಷ್ಟು ಸಲ ಇಳಿದಿರಿ, ಊಟ ಎಲ್ಲಿ ಮಾಡುತ್ತಿದ್ದಿರಿ, ಬಟ್ಟೆ ಯಾರು ಒಗೆಯುತ್ತಿದ್ದರು ಎಂಬುದೆಲ್ಲ ಬೇಕು. ವರ್ಷ ನೆನಪಾಗದಿದ್ದರೆ ಮದುವೆ, ಮಗುವಿನ ಹುಟ್ಟು, ಹೊಸ ಯಂತ್ರ ಬಂದದ್ದು ಇಂಥವುಗಳ ಆಸರೆಯಿಂದ ಲೆಕ್ಕ ಹಾಕಿ.

ಬರೆದ ಮೇಲೆ ಅದೇ ಪಾಳಿಯಲ್ಲಿದ್ದ ಇಬ್ಬರು ಮೂವರನ್ನು ಕಂಡು ಓದಿ ಹೇಳಿ. ಅವರು ‘ಹಾಗಲ್ಲ, ಹೀಗಿತ್ತು’ ಎಂದು ತಿದ್ದಿದ್ದನ್ನು ಅಳಿಸಿ ಬರೆಯಬೇಡಿ, ಪಕ್ಕದಲ್ಲಿ ಅವರ ಹೆಸರು ಮತ್ತು ತಾರೀಖಿನೊಂದಿಗೆ ಬರೆದುಕೊಳ್ಳಿ. ಸಂಬಳದ ಚೀಟಿ, ಭವಿಷ್ಯನಿಧಿಯ ಕಾಗದ, ಯೂನಿಯನ್ ರಸೀದಿ, ಕೆಲಸದ ಜಾಗದಲ್ಲಿ ತೆಗೆಸಿಕೊಂಡ ಗುಂಪು ಫೋಟೋ ಏನಿದ್ದರೂ ಅದರ ನಡುವೆ ಇಡಿ. ವೈದ್ಯರಿಗೆ ಅದರ ನಕಲು ಕೊಟ್ಟು, ನಿಮ್ಮ ಕಡತಕ್ಕೆ ಸೇರಿಸಲು ಹೇಳಿ. ಮೂಲ ನೋಟ್‌ಬುಕ್ಕು ನಿಮ್ಮ ಮನೆಯಲ್ಲೇ ಇರಲಿ, ಅದು ಎಲ್ಲಿದೆ ಎಂಬುದು ಮಕ್ಕಳಿಗೆ ಗೊತ್ತಿರಲಿ.